ಮೇಲ್ ಸರ್ವರಿಗೆ ನಮ್ಮದೇ ಹೆಸರು

ಕನ್ನಡ ಬಿ.ಎ. ಓದಿದವಳು ಮೇಲ್ ಸರ್ವರಿನ ಬಗ್ಗೆ ಮಾತಾಡಲು ಕೂತಿದ್ದೇನೆ ಎಂದು ನಗಬೇಡಿ. ಮುಂಬಯಿಯ ನಮ್ಮ ಎಷ್ಟೋ ಸಂಘಗಳು ಈಗ ಸ್ವಂತ ವೆಬ್‌ಸೈಟು, ಸ್ವಂತ ಇ-ಮೇಲ್ ವಿಳಾಸ ಇಟ್ಟುಕೊಂಡಿವೆ. ಅಂಥ ಒಂದು ಸಂಘದಲ್ಲಿ ಒಂದೇ ಒಂದು ಹೆಸರಿನಿಂದಾದ ಪೇಚಾಟವನ್ನು ನಿಮಗೆ ಹೇಳಲೇಬೇಕು.

ಆ ಸಂಘದ ಸಮಿತಿಯಲ್ಲಿ ನಾನೂ ಇದ್ದೇನೆ. ಪ್ರತಿ ವರ್ಷ ಜೂನ್‌ನಲ್ಲಿ ಮಕ್ಕಳ ವಿದ್ಯಾರ್ಥಿವೇತನಕ್ಕೆ ಇ-ಮೇಲ್ ಮೂಲಕ ಅರ್ಜಿ ಕರೆಯುತ್ತೇವೆ. ಬಾಡಿಗೆ ಜಾಸ್ತಿಯಾಯಿತೆಂದು ವೆಬ್‌ಸೈಟನ್ನು ಒಂದು ಹೋಸ್ಟಿಂಗ್ ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಿದೆವು. ಸೈಟು ಚೆನ್ನಾಗಿ ತೆರೆದುಕೊಂಡಿತು. ಆದರೆ ಹನ್ನೊಂದು ದಿನ ಕಳೆದರೂ ಒಂದೂ ಅರ್ಜಿ ಇಲ್ಲ. ನಮ್ಮ ಕಾರ್ಯದರ್ಶಿಗಳು ಎಪ್ಪತ್ತು ದಾಟಿದ ಹಿರಿಯರು. ಅನುಮಾನ ಬಂದು ಸಂಘದ ವಿಳಾಸದಿಂದ ತಮಗೆ ತಾವೇ ಒಂದು ಮೇಲ್ ಕಳಿಸಿಕೊಂಡರು. ಅದು ಬಂತು! "ಮೇಲ್ ಸರಿಯಾಗಿದೆಯಮ್ಮ, ಈ ಸಲ ಯಾರೂ ಅರ್ಜಿ ಹಾಕಿಲ್ಲ ಅಷ್ಟೆ" ಎಂದರು. ಮರುದಿನ ಡೊಂಬಿವಿಲಿಯಿಂದ ಒಬ್ಬ ತಾಯಿಯ ಫೋನು: "ಅಕ್ಕಾ, ಮಗಳ ಅರ್ಜಿ ಮುಟ್ಟಿತಾ? ಎರಡು ಸಲ ಕಳಿಸಿದ್ದೇವೆ." ನನ್ನ ಎದೆ ಧಸಕ್ಕೆಂದಿತು.

ಅರ್ಜಿಗಳೆಲ್ಲ ಬಂದಿದ್ದವು, ಹೊಸ ಸರ್ವರಿಗೆ. ಕಾರ್ಯದರ್ಶಿಗಳ ಫೋನು ಮಾತ್ರ ಹಳೆಯ ಸರ್ವರಿನ ಬಾಗಿಲಲ್ಲೇ ನಿಂತಿತ್ತು. ಹಳೆಯ ಕಂಪನಿಗೆ ತಿಂಗಳ ಕೊನೆಯವರೆಗೆ ದುಡ್ಡು ಕಟ್ಟಿದ್ದರಿಂದ ಆ ಸರ್ವರೂ ಜೀವಂತವಾಗಿತ್ತು, ಪಾಸ್‌ವರ್ಡ್ ಒಪ್ಪುತ್ತಿತ್ತು. ಸಂಘ ಇನ್ನೂ ತನ್ನ ಮನೆಯಲ್ಲೇ ಇದೆ ಎಂದು ನಂಬಿ, ಅವರು ತಮಗೇ ಕಳಿಸಿಕೊಂಡ ಪತ್ರವನ್ನು ಹೊರಗೆ ಬಿಡದೆ ಅಲ್ಲೇ ಡಬ್ಬಿಗೆ ಹಾಕಿಕೊಟ್ಟಿತ್ತು. ದೋಷದ ಸೂಚನೆ ಒಂದೂ ಇಲ್ಲದ ದೋಷ ಇದು.

ಮೂಲ ಎಲ್ಲಿ? ಫೋನಿನ ಮೇಲ್ ಸೆಟ್ಟಿಂಗ್‌ನಲ್ಲಿ ಇನ್‌ಕಮಿಂಗ್ ಸರ್ವರ್, ಔಟ್‌ಗೋಯಿಂಗ್ ಸರ್ವರ್ ಎಂದು ಎರಡು ಸಾಲು ಇರುತ್ತವಲ್ಲ, ಅಲ್ಲಿ ನಾವು ಹಳೆಯ ಕಂಪನಿಯ ಯಂತ್ರದ ಹೆಸರನ್ನೇ ತುಂಬಿದ್ದೆವು. ಮುಂಬಯಿಯಲ್ಲಿ ಹನ್ನೊಂದು ತಿಂಗಳ ಕರಾರಿನ ಮನೆಗಳಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಸ್ಟಿಂಗ್ ಎಂದರೆ ಬಾಡಿಗೆ ಮನೆ. ಡೊಮೈನ್, ಅಂದರೆ ಸಂಘದ ಹೆಸರು ಡಾಟ್ ಇನ್, ವರ್ಷವರ್ಷ ನವೀಕರಿಸುವವರೆಗೆ ನಮ್ಮದು. ಊರಿನವರಿಗೆಲ್ಲ ಮನೆ ಮಾಲೀಕರ ಹೆಸರು ಹೇಳಿ ಬಂದಿದ್ದೆವು ನಾವು!

ಬದಲಿಗೆ ಬೇಕಾದದ್ದು ನಮ್ಮದೇ ಡೊಮೈನಿನ ಕೆಳಗೆ ಒಂದು ಉಪಹೆಸರು: ಮೇಲ್ ಡಾಟ್ ಸಂಘದ ಹೆಸರು ಡಾಟ್ ಇನ್. (ಉಪಹೆಸರಾದರೂ ಹೆಸರು 'ಮೇಲ್', ಇರಲಿ.) ಹೆಸರನ್ನು ಅಂಕಿಯ ವಿಳಾಸವಾಗಿ ಬಿಡಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಅದು ಹೆಸರನ್ನು ಬಲದಿಂದ ಎಡಕ್ಕೆ ಬಿಡಿಸುತ್ತದೆ, ನಾವು ಸಮಾಸವನ್ನು ಬಿಡಿಸುವಂತೆ ಎನ್ನಿ. ಡಿಎನ್‌ಎಸ್ ಪುಟದಲ್ಲಿ 'ಮೇಲ್' ಎಂಬ ಹೆಸರಿಗೆ ಒಂದು 'ಎ' ದಾಖಲೆ ಹಾಕಿ, ಸರ್ವರಿನ ಅಂಕಿಯನ್ನು ಅಲ್ಲಿ ಬರೆಯಿರಿ. ನಾಳೆ ಕಂಪನಿ ಬದಲಾದರೆ ಆ ಅಂಕಿ ಒಂದನ್ನು ತಿದ್ದಿದರೆ ಆಯಿತು. ನಲವತ್ತು ಸದಸ್ಯರ ಫೋನು ಹಿಡಿದು ಕೂರಬೇಕಿಲ್ಲ. ಹೊಸ ಸರ್ವರಿನಲ್ಲೂ ಅದೇ ಖಾತೆ, ಅದೇ ಪಾಸ್‌ವರ್ಡ್ ಇರಬೇಕು, ಅಷ್ಟೆ. ಸದಸ್ಯರ ಇ-ಮೇಲ್ ವಿಳಾಸ ಇದರಿಂದ ಬದಲಾಗುವುದಿಲ್ಲ. ಈ ಉಪಹೆಸರು ಸೆಟ್ಟಿಂಗ್‌ನೊಳಗೆ ಮಾತ್ರ.

ಇಲ್ಲೊಂದು ಮುಳ್ಳಿದೆ, ನಮಗೂ ಚುಚ್ಚಿತು. ಹೊಸ ಹೆಸರು ತುಂಬಿದ ಕೂಡಲೇ ಫೋನು 'ಪ್ರಮಾಣಪತ್ರದ ಹೆಸರು ಹೊಂದುತ್ತಿಲ್ಲ' ಎಂದು ತಕರಾರು ತೆಗೆಯಿತು. ಸರ್ವರು ತೋರಿಸುವ ಗುರುತುಚೀಟಿಯಲ್ಲಿ ಕಂಪನಿಯ ಹೆಸರಿದೆ, ನಾವು ಕೂಗಿದ್ದು ನಮ್ಮ ಹೆಸರು. 'ಪರವಾಗಿಲ್ಲ, ಮುಂದುವರಿ' ಎಂದು ಒತ್ತುವುದನ್ನು ಹಿರಿಯರಿಗೆ ಕಲಿಸಬೇಡಿ ಎನ್ನುವುದು ನನ್ನ ಹಟ. ನಾಳೆ ನಿಜವಾದ ಕಳ್ಳ ಬಂದಾಗಲೂ ಅವರು ಅದನ್ನೇ ಒತ್ತುತ್ತಾರೆ. ಮೇಲ್ ಉಪಹೆಸರನ್ನೂ ಸೇರಿಸಿ ಪ್ರಮಾಣಪತ್ರ ಹಾಕಿಕೊಡಿ ಎಂದು ಕಂಪನಿಗೆ ಬರೆಯಿರಿ. ಸಿ-ಪ್ಯಾನೆಲ್‌ನಲ್ಲಾದರೆ ಆಟೋ ಎಸ್‌ಎಸ್‌ಎಲ್ ಎಂಬುದು ಈ ಕೆಲಸ ಮಾಡುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ 2015ರಲ್ಲಿ ಉಚಿತ ಪ್ರಮಾಣಪತ್ರ ಕೊಡಲು ಆರಂಭಿಸಿದ ಮೇಲೆ ಇದಕ್ಕೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ. ಆದರೆ ಮೊದಲು ಹೆಸರು ಸರ್ವರನ್ನು ಮುಟ್ಟಬೇಕು, ಆಮೇಲೆ ಪ್ರಮಾಣಪತ್ರ, ಕೊನೆಗೆ ಫೋನು. ನಾವು ತಲೆಕೆಳಗು ಮಾಡಿ ಒಂದು ಭಾನುವಾರ ಕಳೆದೆವು.

ಹೆಸರು 'ಮೇಲ್' ಎಂದೇ ಇರಬೇಕೆ? ಇಲ್ಲ. ನಮ್ಮ ಸಮಿತಿಯ ಹುಡುಗನೊಬ್ಬ 'ಅಂಚೆ' ಎಂದಿಡೋಣ ಎಂದು ಹಟ ಹಿಡಿದ. ಕಿವಿಗೆ ಇಂಪು, ನನಗೂ ಆಸೆಯಾಯಿತು. ಆದರೆ ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶಗಳಿಗೆ ಸೆಟ್ಟಿಂಗ್ ಗೊತ್ತಾಗದಿದ್ದರೆ ಮೇಲ್, ಐಮ್ಯಾಪ್, ಎಸ್‌ಎಂಟಿಪಿ ಮುಂತಾದ ಹೆಸರುಗಳನ್ನು ತಾವೇ ಊಹಿಸಿ ತಟ್ಟಿ ನೋಡುತ್ತವೆ. 'ಅಂಚೆ'ಯನ್ನು ಯಾವ ತಂತ್ರಾಂಶ ಊಹಿಸೀತು? ಹಿರಿಯರ ಸುಲಭಕ್ಕಾಗಿ 'ಮೇಲ್' ಗೆದ್ದಿತು. 'ಅಂಚೆ' ನಮ್ಮ ವಾರ್ತಾಪತ್ರದ ಓದುಗರ ಅಂಕಣದ ಹೆಸರಾಯಿತು.

ಇನ್ನು ಸೂಕ್ಷ್ಮಗಳು. ಹೊರಗಿನ ಪತ್ರ ಎಲ್ಲಿಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆ 'ಎ' ದಾಖಲೆಯುಳ್ಳ ಹೆಸರಿನತ್ತ ನೋಡಬೇಕು, ಸಿ-ನೇಮ್ ಎಂಬ ಅಡ್ಡಹೆಸರಿನತ್ತ ಅಲ್ಲ, ಬರೀ ಅಂಕಿಯತ್ತಲೂ ಅಲ್ಲ. ಸೈಟಿಗೆ ಕ್ಲೌಡ್‌ಫ್ಲೇರ್ ಮರೆ ಹಾಕಿದ್ದರೆ 'ಮೇಲ್' ಹೆಸರನ್ನು ಆ ಮರೆಯಿಂದ ಹೊರಗಿಡಿ. ಪೋರ್ಟುಗಳು ಸಾಮಾನ್ಯವಾಗಿ ಐಮ್ಯಾಪ್‌ಗೆ 993, ಕಳಿಸಲು 465 ಅಥವಾ 587. ನಿಮ್ಮ ಮೇಲ್ ಗೂಗಲ್ ಅಥವಾ ಮೈಕ್ರೋಸಾಫ್ಟ್‌ನಲ್ಲಿದ್ದರೆ ಈ ಉಪಹೆಸರಿನ ಗೊಡವೆಯೇ ಬೇಡ. ಅವರು ಹೇಳಿದ ಸರ್ವರ್ ಹೆಸರನ್ನೇ ತುಂಬಿ, ಪ್ರಮಾಣಪತ್ರ ಇರುವುದು ಅದಕ್ಕೆ. ಕಂಪನಿ ಬದಲಿಸುವವರು ಹಿಂದಿನ ದಿನವೇ ಆ ದಾಖಲೆಯ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿಡಿ, ಬದಲಾವಣೆ ಬೇಗ ಹರಡುತ್ತದೆ. ಹಳೆಯ ಪತ್ರಗಳನ್ನು ನಕಲು ಮಾಡಿಕೊಳ್ಳದೆ ಹಳೆಯ ಖಾತೆ ಮುಚ್ಚಬೇಡಿ.

ಡೊಂಬಿವಿಲಿಯ ಆ ಮಗಳ ಅರ್ಜಿ ಹೊಸ ಸರ್ವರಿನಲ್ಲಿ ಸಿಕ್ಕಿತು, ಎರಡು ಪ್ರತಿಗಳಲ್ಲಿ. ಕೊನೆಯ ದಿನಾಂಕವನ್ನು ಹದಿನೈದು ದಿನ ಮುಂದೂಡಿ, ಕಾರ್ಯದರ್ಶಿಗಳೇ ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿದರು. ನಿಮ್ಮ ಸಂಘದ ಫೋನಿನಲ್ಲಿ ಇನ್‌ಕಮಿಂಗ್ ಸರ್ವರ್ ಸಾಲಿನಲ್ಲಿ ಯಾರ ಹೆಸರಿದೆ? ನೋಡಿ, 'ಅಂಚೆ'ಗೆ ಬರೆಯಿರಿ.