ಒಂದು ಇಂಜಿನ್ ಬಿಚ್ಚಿ, ನೀವೇ ಕಟ್ಟಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹುಡುಗರೇ, ಹುಡುಗಿಯರೇ, ನಿಮ್ಮ ಮನೆಯ ಹಿತ್ತಲಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಅಪ್ಪನ ಹಳೇ ಬೈಕೊಂದು ನಿಂತಿದ್ದರೆ ಅದನ್ನು ಗುಜರಿಗೆ ಹಾಕಲು ಬಿಡಬೇಡಿ. ಹೊಗೆ ಬಿಡುತ್ತೆ, ಆಯಿಲ್ ಕುಡಿಯುತ್ತೆ, ಏರು ಹತ್ತಲ್ಲ ಅಂತ ಮೂಲೆ ಸೇರಿದ ಗಾಡಿ ಅದು. ಅಪ್ಪನನ್ನು ಒಪ್ಪಿಸಿ ಅದರ ಇಂಜಿನ್ ಇಳಿಸಿ. ಬಿಚ್ಚಿ, ಅಳೆಯಿರಿ, ಮತ್ತೆ ಕಟ್ಟಿ. ಒಂದೇ ಒಂದು ಸಲ, ಮೊದಲಿಂದ ಕೊನೆಯವರೆಗೆ, ನಿಮ್ಮದೇ ಕೈಯಿಂದ.

ನಮ್ಮ ಜಿಲ್ಲೆ ನಡೆಯುವುದೇ ಇಂಜಿನ್ ಮೇಲೆ. ಬೆಂಗಳೂರು–ಪುಣೆ ಹೆದ್ದಾರಿಯ ಲಾರಿಗಳು ಹಗಲೂ ರಾತ್ರಿ ನಮ್ಮೂರುಗಳನ್ನು ಹಾದು ಹೋಗುತ್ತವೆ. ಹಿರಿಯೂರಿನಲ್ಲಿ ಬಳ್ಳಾರಿ ದಾರಿ ಕವಲೊಡೆಯುತ್ತದೆ, ಚಿತ್ರದುರ್ಗದಲ್ಲಿ ಹೊಸಪೇಟೆ–ವಿಜಯಪುರದ ದಾರಿ. ಭೀಮಸಮುದ್ರದ ಕಡೆ ಅದಿರಿನ ಲಾರಿ, ಹೊಸದುರ್ಗದ ತೆಂಗಿನ ತೋಟಗಳಲ್ಲಿ ಟ್ರ್ಯಾಕ್ಟರ್ ಮತ್ತು ಟಿಲ್ಲರ್. ಇಷ್ಟೆಲ್ಲ ಇಂಜಿನ್‌ಗಳ ನಡುವೆ ಹುಟ್ಟಿ ಬೆಳೆದ ನಮ್ಮಲ್ಲಿ ಅದರ ಒಳಗೇನಿದೆ ಎಂದು ಕಣ್ಣಾರೆ ಕಂಡವರು ಎಷ್ಟು ಮಂದಿ? ಗಾಡಿ ಕೆಟ್ಟರೆ ಗ್ಯಾರೇಜಿಗೆ ತಳ್ಳುತ್ತೇವೆ, ಹೇಳಿದಷ್ಟು ದುಡ್ಡು ಕೊಡುತ್ತೇವೆ, ಕೀ ತಗೊಂಡು ಬರುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಮೊದಲು ಬಿಚ್ಚುವ ಅವಸರ ಬೇಡ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಅದು ಎಲ್ಲಿಂದ ಒಳಗೆ ಬರುತ್ತಿದೆ? ಪ್ಲಗ್ ತೆಗೆದು ಕಂಪ್ರೆಷನ್ ಗೇಜ್ ಹಿಡಿದು ಒತ್ತಡ ನೋಡಿ. ಆಮೇಲೆ ಅದೇ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ಪಿಸ್ಟನ್ನಿನ ರಿಂಗು ಅಥವಾ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ, ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಅನುಮಾನಪಡಿ. ಒಂದು ಚಮಚ ಆಯಿಲ್‌ನಿಂದ ಇಷ್ಟು ತಿಳಿಯುತ್ತದೆ. ಅಂದಾಜಿನ ಮೇಲೆ ಸಾಮಾನು ಬದಲಿಸುತ್ತಾ ಹೋಗುವವನಿಗೂ ಕಾರಣ ಹುಡುಕಿ ಕೆಲಸ ಮಾಡುವವನಿಗೂ ವ್ಯತ್ಯಾಸ ಶುರುವಾಗುವುದೇ ಇಲ್ಲಿ.

ಬೋರ್ ಯಾಕೆ ಸವೆಯಿತು ಎಂದೂ ಕೇಳಿಕೊಳ್ಳಿ. ನಮ್ಮದು ಒಣ ಸೀಮೆ, ಗಾಳಿಯ ಸೀಮೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆ ಗಾಳಿಯ ಜೊತೆ ಧೂಳು ಬರುತ್ತದೆ, ಏರ್ ಫಿಲ್ಟರ್ ಹರಿದಿದ್ದರೆ ನೇರ ಸಿಲಿಂಡರಿಗೆ ಇಳಿಯುತ್ತದೆ, ಆಯಿಲ್ ಜೊತೆ ಬೆರೆತು ಸ್ಯಾಂಡ್ ಪೇಪರಿನ ಹಾಗೆ ಬೋರನ್ನು ಉಜ್ಜುತ್ತದೆ. ಹೆಡ್ ತೆಗೆದ ಮೇಲೆ ಬೋರಿನ ಒಳಗೆ ಬೆರಳಾಡಿಸಿ. ಮೇಲಿನ ರಿಂಗು ಹೋಗಿ ಹಿಂತಿರುಗುವ ಜಾಗದಲ್ಲಿ ಸಣ್ಣದೊಂದು ಮೆಟ್ಟಿಲು ತಾಕಬಹುದು. ಅಲ್ಲಿ ಬಿಸಿ ಹೆಚ್ಚು, ಪಿಸ್ಟನ್ ಒಂದು ಕ್ಷಣ ನಿಂತು ದಿಕ್ಕು ಬದಲಿಸುವುದರಿಂದ ಆಯಿಲ್ ಪದರ ತೆಳುವಾಗುತ್ತದೆ. ಹಾಗಾಗಿ ಸವೆತವೂ ಅಲ್ಲೇ ಹೆಚ್ಚು. ಹೊಸ ಪಿಸ್ಟನ್ ಹಾಕಿ ಹಳೇ ಹರಿದ ಫಿಲ್ಟರನ್ನೇ ಬಿಟ್ಟರೆ ಖರ್ಚು ಮಾಡಿದ್ದೆಲ್ಲ ಧೂಳು ಪಾಲು.

ಈಗ ಅಳತೆ. ಪಿಯುಸಿ ಫಿಸಿಕ್ಸ್ ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪ ಅಳೆದು ರೆಕಾರ್ಡ್ ಬರೆದಿದ್ದೀರಲ್ಲ, ಮೆಕ್ಯಾನಿಕ್ ಬಳಸುವ ಮೈಕ್ರೋಮೀಟರ್ ಅದೇ. ಅಂಕಕ್ಕಾಗಿ ಕಲಿತದ್ದು ಇಲ್ಲಿ ಅನ್ನದ ವಿದ್ಯೆಯಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಎಲ್ಲೆಲ್ಲೂ ಕಾಣುವ ಸ್ಪ್ಲೆಂಡರ್ ಬೈಕಿನ ಹಳೇ ಇಂಜಿನನ್ನೇ ತಗೊಳ್ಳಿ. ಬೋರಿನ ವ್ಯಾಸ 50 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 49.5 ಮಿ.ಮೀ. ಹತ್ತನೇ ತರಗತಿಯ ಸಿಲಿಂಡರ್ ಘನಫಲದ ಸೂತ್ರ ಹಾಕಿ: 3.1416 × 25 × 25 × 49.5. ಬರುವುದು ಸುಮಾರು 97,193 ಘನ ಮಿ.ಮೀ., ಅಂದರೆ 97.2 ಸಿಸಿ. ಆರ್‌ಸಿ ಬುಕ್ಕಿನಲ್ಲಿ ಬರೆದಿರುವ ಸಿಸಿ ಅದೇ! ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರ ಗ್ರೀಸ್ ಮೆತ್ತಿದ ಕೈಯಲ್ಲಿ ನಿಜವಾಗುವುದನ್ನು ಒಮ್ಮೆ ನೋಡಿ. ಆಮೇಲೆ ಗಣಿತಕ್ಕೆ ಹೆದರುವುದಿಲ್ಲ ನೀವು.

ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಂಪನಿಯ ಕೈಪಿಡಿ ಹೇಳುವ ಮಿತಿ ದಾಟಿದ್ದರೆ ಬೋರ್ ಹೊಡೆಸಬೇಕು. ಅದು ಮನೆಯ ಕೆಲಸವಲ್ಲ. ಓವರ್‌ಸೈಜ್ ಪಿಸ್ಟನ್ ಮೊದಲು ತಂದು, ಅದನ್ನೂ ಕೈಯಲ್ಲಿ ಹಿಡಿದೇ ಲೇತ್ ಅಂಗಡಿಗೆ ಹೋಗಿ. ಬೋರ್ ಆ ಪಿಸ್ಟನ್ನಿಗೆ ಹೊಂದಬೇಕು. ಅಲ್ಲಿನ ಹಳೇ ಲೇತಿನ ಮೇಲೆ ಕಿರ್ಲೋಸ್ಕರ್ ಎಂಬ ಹೆಸರು ಕಂಡರೆ ಒಂದು ಗಳಿಗೆ ನಿಲ್ಲಿ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹುಟ್ಟಿದ ಕಾರ್ಖಾನೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ಹರಿಹರ ನಮ್ಮ ಚಿತ್ರದುರ್ಗ ಜಿಲ್ಲೆಯದೇ ತಾಲ್ಲೂಕು. ಯಂತ್ರಗಳನ್ನು ತಯಾರಿಸುವ ಯಂತ್ರ ಈ ನೆಲದಲ್ಲೇ ತಯಾರಾಗಿ ದೇಶಕ್ಕೆ ಹೋಯಿತು. ಕಾರ್ಖಾನೆ ಮುಚ್ಚಿದೆ, ಆ ಲೇತುಗಳು ಇನ್ನೂ ತಿರುಗುತ್ತಿವೆ. ಇಂಥ ಕೆಲಸ ನಮ್ಮವರ ಕೈಗೆ ಹೊಸದು ಎಂದು ಯಾರೂ ನಿಮಗೆ ಹೇಳದಿರಲಿ.

ಕಟ್ಟುವ ದಿನ ನೆಲ ಗುಡಿಸಿ, ಶುಭ್ರ ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಸಾಮಾನು ಜೋಡಿಸಿಟ್ಟುಕೊಳ್ಳಿ. ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕು ಸಿಡಿದು ಒಳಗೆ ಬಿದ್ದರೆ ಇಡೀ ಇಂಜಿನ್ ಮತ್ತೆ ಬಿಚ್ಚಬೇಕಾದೀತು. ಆ ಲಾಕು ಪ್ರತಿ ಸಲ ಹೊಸದೇ ಇರಲಿ. ಪಿಸ್ಟನ್ ತಲೆಯ ಮೇಲಿನ ಗುರುತು ಸರಿಯಾದ ದಿಕ್ಕಿಗಿದೆಯೇ ನೋಡಿ. ರಿಂಗುಗಳ ಬಾಯಿ ಒಂದರ ಕೆಳಗೊಂದು ಬರದಂತೆ ಸುತ್ತ ಹಂಚಿ. ಒಂದೇ ಸಾಲಿಗೆ ಬಂದರೆ ಒತ್ತಡ ಸೋರಲು ನೀವೇ ದಾರಿ ಮಾಡಿಕೊಟ್ಟಂತೆ. ಟೈಮಿಂಗ್ ಚೈನ್ ಹಾಕುವ ಮೊದಲು ಕ್ರ್ಯಾಂಕ್ ಮತ್ತು ಕ್ಯಾಮ್ ಗಾಲಿಗಳ ಹಲ್ಲು ಎಣಿಸಿ. ಕ್ಯಾಮ್ ಗಾಲಿಗೆ ಸರಿಯಾಗಿ ಎರಡರಷ್ಟು ಹಲ್ಲು. ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹಾಕುವುದು ಈ ನಾಲ್ಕು ಹೊಡೆತಕ್ಕೆ ಕ್ರ್ಯಾಂಕ್ ಎರಡು ಸುತ್ತು, ಕ್ಯಾಮ್ ಒಂದೇ ಸುತ್ತು. ಜರ್ಮನಿಯ ನಿಕೋಲಸ್ ಆಟ್ಟೊ 1876ರಲ್ಲಿ ಓಡಿಸಿ ತೋರಿಸಿದ ಲೆಕ್ಕ ನಿಮ್ಮ ಬೆರಳ ತುದಿಯಲ್ಲಿ ಸಿಗುತ್ತದೆ. ಹೆಡ್ಡಿನ ನಟ್ಟುಗಳನ್ನು ಒಂದೇ ಏಟಿಗೆ ಬಿಗಿಯಬೇಡಿ. ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ, ಕೈಪಿಡಿ ಹೇಳಿದ ಬಿಗಿಗೆ ಟಾರ್ಕ್ ಪಾನಾದಲ್ಲಿ ಮುಗಿಸಿ. ಸಾಮಾನು ತೊಳೆದ ಪೆಟ್ರೋಲ್ ಹತ್ತಿರ ಬೆಂಕಿ ಸುಳಿಯದಿರಲಿ, ಹಳೇ ಆಯಿಲನ್ನು ಚರಂಡಿಗೋ ಬಾವಿ ದಂಡೆಗೋ ಸುರಿಯಬೇಡಿ.

‘ಓದೋ ಮಕ್ಕಳಿಗೆ ಗ್ರೀಸ್ ಕೆಲಸ ಯಾಕೆ?’ ಎಂದು ಮನೆಯಲ್ಲಿ ಕೇಳುತ್ತಾರೆ. ಶರಣರ ನೆಲದಲ್ಲಿ ನಿಂತು ಈ ಮಾತು ಕೇಳಬಾರದು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡವರು. ಹೆಣ್ಣುಮಕ್ಕಳಿಗೆ ಇದು ಆಗದು ಎನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ ತಂಗಿಯರೇ, ಪಾನಾ ಕೈಗೆ ತಗೊಳ್ಳಿ. ಇಲ್ಲಿ ಬೇಕಿರುವುದು ತಾಳ್ಮೆ, ಕಣ್ಣು, ಅಳತೆ.

ಇನ್ನು ಕರೆಂಟ್ ಗಾಡಿ ಬಂತಲ್ಲ, ಇಂಜಿನ್ ಕಲಿತು ಏನು ಪ್ರಯೋಜನ ಎಂಬ ಪ್ರಶ್ನೆ. ಕರೆಂಟ್ ಗಾಡಿ ಬರಲಿ, ಬರಬೇಕು. ಬೇರಿಂಗು, ಬಿಗಿ, ಅಳತೆ, ಕ್ರಮ, ಕಾರಣ ಹುಡುಕುವ ಬುದ್ಧಿ ಅಲ್ಲೂ ಬೇಕು. ಹಳೇ ಇಂಜಿನ್‌ಗಳೂ ಒಮ್ಮೆಗೇ ಮಾಯವಾಗುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇವತ್ತಿಗೂ ಅದೇ ಸದ್ದು ಮಾಡುತ್ತಾ ಓಡುತ್ತಿವೆ. ಬಿಚ್ಚಿ ಕಟ್ಟಬಲ್ಲ ಕೈಗಳು ಇರುವುದರಿಂದ ಮಾತ್ರ ಓಡುತ್ತಿವೆ. ನಮ್ಮ ರೈತರ ಮನೆಯ ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೂ ಅಂಥ ಕೈಗಳೇ ಬೇಕು, ಇನ್ನೂ ಬಹುಕಾಲ.

ಮೊಬೈಲಿನ ವಿಡಿಯೋ ನೋಡಿ ಕಲಿತೆ ಎಂದು ಒಬ್ಬರೇ ಹೊರಡಬೇಡಿ. ವಿಡಿಯೋ ಕಣ್ಣಿಗೆ ತೋರಿಸುತ್ತದೆ, ಬಿಗಿ ಎಷ್ಟು ಎಂಬುದನ್ನು ಕೈಗೆ ಹೇಳಿಕೊಡಲಾರದು. ನಿಮ್ಮೂರಿನ ಗ್ಯಾರೇಜಿನಲ್ಲಿ ಸದ್ದು ಕೇಳಿಯೇ ಟ್ಯಾಪೆಟ್ಟೋ ಚೈನೋ ಎಂದು ಹೇಳುವ ಮೇಸ್ತ್ರಿ ಒಬ್ಬರು ಇದ್ದೇ ಇರುತ್ತಾರೆ. ಅವರ ಬಳಿ ಹೋಗಿ, ಅಣ್ಣಾ ಅಂತಲೋ ಚಾಚಾ ಅಂತಲೋ ಕರೆದು ಕೂತುಕೊಳ್ಳಿ, ಸಾಮಾನು ತೊಳೆದುಕೊಡಿ, ಕೇಳಿ. ಇದೇ ದಾರಿ ಹಿಡಿಯಬೇಕೆನಿಸಿದರೆ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ ಕೋರ್ಸು, ಮೋಟಾರ್ ವೆಹಿಕಲ್ ಎರಡು ವರ್ಷದ್ದು. ಡಿಗ್ರಿ ಓದುವವರು ಓದುತ್ತಲೇ ರಜೆಯಲ್ಲಿ ಈ ಕೆಲಸ ಮಾಡಬಹುದು.

ಇಂಜಿನ್ ಕೂತ ಮೇಲೆ ಹೊಸ ಆಯಿಲ್ ಹಾಕಿ, ಪ್ಲಗ್ ತೆಗೆದಿಟ್ಟು ಸಾಕಷ್ಟು ಸಲ ಕಿಕ್ ಹೊಡೆಯಿರಿ, ಆಯಿಲ್ ಮೇಲಕ್ಕೆ ಹತ್ತಲಿ. ಆಮೇಲೆ ಪ್ಲಗ್ ಹಾಕಿ. ಮೊದಲ ಕಿಕ್ಕಿಗೇ ಹೊತ್ತಿಕೊಳ್ಳದಿದ್ದರೆ ಎದೆಗುಂದಬೇಡಿ: ಕಿಡಿ ಇದೆಯಾ, ಪೆಟ್ರೋಲ್ ಬರುತ್ತಿದೆಯಾ, ಟೈಮಿಂಗ್ ಗುರುತು ಸರಿ ಇದೆಯಾ, ಒಂದೊಂದಾಗಿ ನೋಡಿ. ಹೊತ್ತಿಕೊಂಡ ಮೇಲೆ ಹೆದ್ದಾರಿಗೆ ನುಗ್ಗಿ ಹಿಂಡಬೇಡಿ. ಹೊಸ ರಿಂಗು ಬೋರಿಗೆ ಹೊಂದಿಕೊಳ್ಳುವ ತನಕ ಭಾರ ಹೇರದೆ, ವೇಗ ಏರಿಸುತ್ತಾ ಇಳಿಸುತ್ತಾ ಊರ ರಸ್ತೆಗಳಲ್ಲೇ ಓಡಿಸಿ, ಬೇಗ ಆಯಿಲ್ ಬದಲಿಸಿ, ಟ್ಯಾಪೆಟ್ ಮತ್ತೊಮ್ಮೆ ನೋಡಿ. ಅಷ್ಟು ಹೊತ್ತಿಗೆ ಓಣಿಯ ಇನ್ನೊಬ್ಬ ಹುಡುಗನೋ ಹುಡುಗಿಯೋ ಪಕ್ಕ ಬಂದು ನಿಂತಿರುತ್ತಾರೆ. ನೋಟ್‌ಬುಕ್ ಅವರ ಕೈಗೆ ಕೊಡಿ, ಅವರ ಮನೆಯ ಗಾಡಿಯ ಬೋರ್ ಅವರೇ ಅಳೆಯಲಿ.