ಬುಸುಗುಡುವ ಮರಿ

ಸೌದೆ ಕೊಟ್ಟಿಗೆಯ ಮೂಲೆಯಲ್ಲೊಂದು ಬೆಕ್ಕಿನ ಮರಿ. ಕೈ ಚಾಚಿದರೆ ಬುಸುಗುಡುತ್ತದೆ. ಕೋಪವಲ್ಲ ಅದು, ಹೆದರಿಕೆ. ಮನುಷ್ಯರ ಒಡನಾಟವೇ ಇಲ್ಲದೆ ಹುಟ್ಟಿದ ಜೀವ.

ಎತ್ತಿಕೊಳ್ಳುವ ಮುನ್ನ ದೂರದಿಂದ ಸ್ವಲ್ಪ ಹೊತ್ತು ಗಮನಿಸೋಣ. ತಾಯಿ ಬೇಟೆಗೆ ಹೋಗಿರಬಹುದು. ನಾವು ಅಲ್ಲೇ ನಿಂತರೆ ಅವಳು ಬರುವುದಿಲ್ಲ. ಬರಲೇ ಇಲ್ಲವೆಂದರೆ ಮೊದಲು ಮರಿಗೆ ಬೆಚ್ಚಗಿನ ಬಟ್ಟೆ, ಆಮೇಲೆ ಆಹಾರ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಪಶುವೈದ್ಯರನ್ನು ಕೇಳಿ.

ಹುಟ್ಟಿದ 2ರಿಂದ 7 ವಾರ ಮರಿ ಮನುಷ್ಯರನ್ನು ನಂಬಲು ಕಲಿಯುವ ಕಾಲ. ಅಷ್ಟು ಎಳೆಯದಾದರೆ ಮನೆಗೆ ಒಗ್ಗಿಕೊಳ್ಳುತ್ತದೆ. ಬೆಳೆದುಬಿಟ್ಟಿದ್ದರೆ ನಮ್ಮ ಮನೆಯೇ ಅದಕ್ಕೆ ಸೆರೆಯಾಗಬಹುದು. ಅಂಥದ್ದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಮಾಡಿಸಿ, ಹುಟ್ಟಿದ ಜಾಗಕ್ಕೇ ಬಿಡುವುದು ಮೇಲು. ಕೈಬಿಟ್ಟೆವೆಂದು ನೊಂದುಕೊಳ್ಳಬೇಡಿ. ದಿನಾ ಹೊತ್ತಿಗೆ ಸರಿಯಾಗಿ ಊಟ, ನೀರು ಇಡಿ.