ಚಿಕಿತ್ಸೆಗಾಗಿ ಗಡಿ ದಾಟುವ ಮುನ್ನ

(ನಾಗಪುರದ ಬಜಾಜ್ ನಗರದಲ್ಲಿ ನಡೆದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಯಿಲೆ ಬಂದಾಗ ಊರು ಬಿಟ್ಟು ಹೊರಡುವುದು ನಮ್ಮವರಿಗೆ ಹೊಸ ಸಂಗತಿಯೇನೂ ಅಲ್ಲ. ನಾಗಪುರದಲ್ಲಿ ನೆಲೆಸಿರುವ ತಮಗಂತೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿದರ್ಭದ ಜಿಲ್ಲೆಗಳಿಂದಲೂ ನೆರೆಯ ಮಧ್ಯಪ್ರದೇಶ, ಛತ್ತೀಸಗಢಗಳಿಂದಲೂ ರೋಗಿಗಳು ಪ್ರತಿನಿತ್ಯ ಈ ನಗರಕ್ಕೆ ಬರುತ್ತಾರೆ. ಇಲ್ಲಿಂದ ಎಷ್ಟೋ ಜನ ಮುಂಬಯಿಗೆ, ಹೈದರಾಬಾದಿಗೆ ತೆರಳುತ್ತಾರೆ. ಈಗ ಇವುಗಳ ಜೊತೆಗೆ ಇನ್ನೊಂದು ದಾರಿಯೂ ತೆರೆದಿದೆ. ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ದೊರೆಯುತ್ತದೆ ಎಂಬ ಭರವಸೆಯಿಂದ ದೇಶದ ಗಡಿಯನ್ನೇ ದಾಟುವ ದಾರಿ ಅದು. ಹಲ್ಲಿನ ಚಿಕಿತ್ಸೆಗೆ ಪಶ್ಚಿಮ ಯುರೋಪಿನವರು ಹಂಗೇರಿಗೆ ಹೋಗುತ್ತಾರೆ. ಅಮೆರಿಕದವರು ಮೆಕ್ಸಿಕೋಗೆ ಹೋಗುತ್ತಾರೆ. ಕೂದಲು ನಾಟಿಗೆ ತುರ್ಕಿಯ ಹೆಸರು, ಬಗೆಬಗೆಯ ಶಸ್ತ್ರಚಿಕಿತ್ಸೆಗಳಿಗೆ ಥಾಯ್ಲೆಂಡಿನ ಹೆಸರು ಜಾಹೀರಾತುಗಳಲ್ಲಿ ಕಾಣುತ್ತಿದೆ.

ಇಂತಹ ಪ್ರಯಾಣ ಸರಿಯೇ, ತಪ್ಪೇ ಎಂದು ತೀರ್ಪು ಕೊಡುವುದು ಈ ಉಪನ್ಯಾಸದ ಉದ್ದೇಶವಲ್ಲ. ಅಗ್ಗ ಎಂಬ ಮಾತಿನ ಲೆಕ್ಕವನ್ನು ಪೂರ್ತಿಯಾಗಿ ಹಾಕಿ ನೋಡುವುದಷ್ಟೇ ಉದ್ದೇಶ. ಆಸ್ಪತ್ರೆಯ ಬಿಲ್ಲು ಈ ಲೆಕ್ಕದ ಅರ್ಧ ಭಾಗ. ಮನೆಗೆ ಮರಳಿದ ಮೇಲೆ ಆ ರೋಗಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಉಳಿದರ್ಧ.

ಮೊದಲು ನಮ್ಮ ದೇಶದ ಸ್ಥಿತಿಯನ್ನೇ ಗಮನಿಸೋಣ. ಅಗ್ಗದ ಚಿಕಿತ್ಸೆಯನ್ನು ಅರಸಿ ಜಗತ್ತಿನ ಜನ ಬರುವ ದೇಶಗಳಲ್ಲಿ ಭಾರತವೂ ಒಂದು. 2002ರ ರಾಷ್ಟ್ರೀಯ ಆರೋಗ್ಯ ನೀತಿಯು ವಿದೇಶೀಯರಿಗೆ ಹಣ ಪಡೆದು ಚಿಕಿತ್ಸೆ ನೀಡುವುದನ್ನು ಪ್ರೋತ್ಸಾಹಿಸುವ ಮಾತನ್ನಾಡಿತು. ರೋಗಿಗಳಿಗೆಂದೇ ಪ್ರತ್ಯೇಕ ವೈದ್ಯಕೀಯ ವೀಸಾ, ಜೊತೆಯಲ್ಲಿ ಬರುವವರಿಗೆ ಸಹಾಯಕ ವೀಸಾ ಜಾರಿಗೆ ಬಂದವು. 2019ರಲ್ಲಿ ಸುಮಾರು 6.97 ಲಕ್ಷ ವಿದೇಶೀಯರು ಚಿಕಿತ್ಸೆಗಾಗಿ ಭಾರತಕ್ಕೆ ಬಂದರು. ಬಾಂಗ್ಲಾದೇಶದವರೇ ಇವರಲ್ಲಿ ಹೆಚ್ಚು. ಅಮೆರಿಕದಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಇರುವ ನಮ್ಮವರು ರಜೆಗೆ ಊರಿಗೆ ಬಂದಾಗ ಹಲ್ಲು, ಕಣ್ಣುಗಳ ಚಿಕಿತ್ಸೆಯನ್ನು ಇಲ್ಲಿಯೇ ಮುಗಿಸಿಕೊಂಡು ಹೋಗುವುದು ತಮಗೆಲ್ಲ ತಿಳಿದ ವಿಷಯ.

ಇಲ್ಲಿ ಖರ್ಚು ಕಡಿಮೆಯಾಗಲು ಕಾರಣಗಳಿವೆ. ಸಿಬ್ಬಂದಿಯ ವೇತನ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಔಷಧಿಗಳು ಬಹುಮಟ್ಟಿಗೆ ದೇಶದಲ್ಲಿಯೇ ತಯಾರಾಗುತ್ತವೆ. ಹೃದಯದ ರಕ್ತನಾಳಕ್ಕೆ ಅಳವಡಿಸುವ ಸ್ಟೆಂಟಿನ ಬೆಲೆಗೆ 2017ರ ಫೆಬ್ರವರಿಯಲ್ಲಿಯೂ, ಕೃತಕ ಮಂಡಿಯ ಬೆಲೆಗೆ ಅದೇ ವರ್ಷದ ಆಗಸ್ಟ್‌ನಲ್ಲಿಯೂ ಸರ್ಕಾರ ಮಿತಿ ವಿಧಿಸಿತು. ಇವೆಲ್ಲಕ್ಕೂ ಮಿಗಿಲಾದ ಕಾರಣವೆಂದರೆ ಸಂಖ್ಯೆ. ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟಿಯವರು ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯವನ್ನು ಸ್ಥಾಪಿಸಿ ತೋರಿಸಿಕೊಟ್ಟದ್ದು ಇದನ್ನೇ. ಒಂದೇ ಕಡೆ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದಾಗ ಯಂತ್ರೋಪಕರಣಗಳ ವೆಚ್ಚ ಹೆಚ್ಚು ರೋಗಿಗಳ ನಡುವೆ ಹಂಚಿಹೋಗುತ್ತದೆ. ವೈದ್ಯರ ಕೈಯೂ ಪಳಗುತ್ತದೆ.

2003ರ ಜುಲೈ ತಿಂಗಳಿನಲ್ಲಿ ದೆಹಲಿ–ಲಾಹೋರ್ ಬಸ್ ಸಂಚಾರ ಮತ್ತೆ ಆರಂಭವಾದಾಗ, ಹೃದಯದ ತೊಂದರೆಯಿದ್ದ ಲಾಹೋರಿನ ಎರಡೂವರೆ ವರ್ಷದ ಹೆಣ್ಣುಮಗುವೊಂದು ತಂದೆತಾಯಿಯರೊಡನೆ ಅದರಲ್ಲಿ ಬಂದು ಇದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಪಡೆಯಿತು. ಎರಡೂ ದೇಶಗಳ ಜನ ಆ ಮಗುವಿಗಾಗಿ ಪ್ರಾರ್ಥಿಸಿದರು. ಆದರೆ ಅದೇ ದಾರಿ ಎಂದೆಂದಿಗೂ ತೆರೆದಿರಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಯ ತರುವಾಯ ಪಾಕಿಸ್ತಾನೀಯರ ವೀಸಾಗಳು ರದ್ದಾದವು. ವೈದ್ಯಕೀಯ ವೀಸಾಗಳಿಗೆ ಏಪ್ರಿಲ್ 29ರವರೆಗೆ ಮಾತ್ರ ಮಾನ್ಯತೆ ಉಳಿಯಿತು. ಚಿಕಿತ್ಸೆ ಮುಗಿಯುವ ಮುನ್ನವೇ ಹಿಂದಿರುಗಬೇಕಾದವರ ವಿಷಯ ಪತ್ರಿಕೆಗಳಲ್ಲಿ ವರದಿಯಾಯಿತು. ರಾಷ್ಟ್ರದ ಭದ್ರತೆಯ ಪ್ರಶ್ನೆ ಎದುರಾದಾಗ ಯಾವ ದೇಶವಾದರೂ ಇಂತಹ ಕ್ರಮ ಕೈಗೊಳ್ಳಬಹುದು. ನಾವು ಪರದೇಶದಲ್ಲಿ ರೋಗಿಯಾಗಿ ಮಲಗಿರುವಾಗಲೂ ಇಂತಹ ದಿನ ಬರಬಹುದೆಂಬುದು ಇದರಿಂದ ತಿಳಿಯತಕ್ಕ ಅಂಶ.

ಯುದ್ಧ, ವೈಮನಸ್ಯಗಳಿಲ್ಲದೆಯೂ ದಾರಿಗಳು ಮುಚ್ಚುತ್ತವೆ. ಕೋವಿಡ್ ಹರಡಿದ 2020ರಲ್ಲಿ ಚಿಕಿತ್ಸೆಗಾಗಿ ಭಾರತಕ್ಕೆ ಬಂದ ವಿದೇಶೀಯರ ಸಂಖ್ಯೆ ಸುಮಾರು 1.83 ಲಕ್ಷಕ್ಕೆ ಇಳಿಯಿತು. ಇದರ ನೋವನ್ನು ಕನ್ನಡಿಗರೂ ಅನುಭವಿಸಿದರು. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಜನ ಬಹು ಕಾಲದಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡವರು. ಭಾಷೆ ಒಂದೇ, ದೂರ ಅಲ್ಪ, ಪರಿಚಯದ ವೈದ್ಯರು. ನಡುವೆ ರಾಜ್ಯದ ಗಡಿಯೊಂದಿದೆ ಎಂಬುದು ನಿತ್ಯ ಜೀವನದಲ್ಲಿ ನೆನಪಾಗುತ್ತಲೂ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಸಕಾಲದಲ್ಲಿ ಮಂಗಳೂರು ತಲುಪಲಾಗದೆ ಹಲವು ರೋಗಿಗಳು ಮೃತಪಟ್ಟರೆಂದು ವರದಿಯಾಯಿತು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ಆದೇಶ ನೀಡಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ ತುರ್ತು ರೋಗಿಗಳನ್ನು ಬಿಡುವ ಬಗೆಗೆ ಉಭಯ ರಾಜ್ಯಗಳ ನಡುವೆ ಒಪ್ಪಂದವಾಯಿತು. ಒಂದೇ ದೇಶದೊಳಗೆ, ಅರ್ಧ ಗಂಟೆಯ ಹಾದಿಯಲ್ಲಿ ಹೀಗಾಯಿತೆಂದರೆ ಸಮುದ್ರದಾಚೆಯ ಆಸ್ಪತ್ರೆಯನ್ನು ನಂಬಿದವರು ಇನ್ನಷ್ಟು ಯೋಚಿಸಬೇಕಾದುದು ಸಹಜ.

ಹಾಗಾದರೆ ಹೊರಡುವ ಮುನ್ನ ಏನನ್ನು ವಿಚಾರಿಸಬೇಕು?

ಮೊದಲನೆಯದಾಗಿ, ಆ ಚಿಕಿತ್ಸೆ ನಮ್ಮ ದೇಶದಲ್ಲಿ ನಿಜವಾಗಿಯೂ ಇಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕ್ಯಾನ್ಸರಿಗೆ ನೀಡುವ ಪ್ರೋಟಾನ್ ಕಿರಣ ಚಿಕಿತ್ಸೆಗಾಗಿ ಒಂದು ಕಾಲದಲ್ಲಿ ವಿದೇಶಕ್ಕೇ ಹೋಗಬೇಕಿತ್ತು. 2019ರಲ್ಲಿ ಅದು ಚೆನ್ನೈಯಲ್ಲಿ ಆರಂಭವಾಯಿತು. ಆನಂತರ ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದಲ್ಲಿಯೂ ದೊರೆಯತೊಡಗಿತು. ಕೆಲವು ರಕ್ತದ ಕ್ಯಾನ್ಸರುಗಳಿಗೆ ನೀಡುವ ಕಾರ್-ಟಿ ಕೋಶ ಚಿಕಿತ್ಸೆಯನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರಗಳು ಜೊತೆಗೂಡಿ ರೂಪಿಸಿದವು. 2023ರ ಅಕ್ಟೋಬರ್‌ನಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದರ ವೆಚ್ಚ ವಿದೇಶಗಳಲ್ಲಿ ತಗಲುವುದರ ಸುಮಾರು ಹತ್ತನೆಯ ಒಂದು ಭಾಗ. ಆದುದರಿಂದ ದಲ್ಲಾಳಿಯ ಮಾತಿಗಿಂತ ಮೊದಲು ದೊಡ್ಡ ಸರ್ಕಾರಿ ಆಸ್ಪತ್ರೆಯ ತಜ್ಞರೊಬ್ಬರ ಅಭಿಪ್ರಾಯ ಪಡೆಯುವುದು ಕ್ಷೇಮಕರ. ಈ ನಗರದಲ್ಲಿಯೇ 1947ರಲ್ಲಿ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ.

ಎರಡನೆಯದಾಗಿ, ಹಣದ ಏರ್ಪಾಡು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಂತೆ ಒಬ್ಬ ನಿವಾಸಿಯು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಬಹುದು. ವೈದ್ಯಕೀಯ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಆಸ್ಪತ್ರೆಯ ಅಂದಾಜು ಪಟ್ಟಿಯನ್ನು ಲಿಖಿತವಾಗಿ ತರಿಸಿಕೊಳ್ಳಬೇಕು. ತೊಡಕು ಉಂಟಾಗಿ ಇನ್ನೂ ಹತ್ತು ದಿನ ಮಲಗಬೇಕಾದರೆ ಎಷ್ಟು ಖರ್ಚಾಗುತ್ತದೆ ಎಂಬುದನ್ನೂ ಅದರಲ್ಲಿ ಬರೆಸಬೇಕು. ಅನೇಕ ಆರೋಗ್ಯ ವಿಮಾ ಪತ್ರಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತವೆ. ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವು ನೀಡುವ ಆಯುಷ್ಮಾನ್ ಭಾರತ ಯೋಜನೆಯ ಸೌಲಭ್ಯವೂ ದೇಶದೊಳಗಿನ ನೋಂದಾಯಿತ ಆಸ್ಪತ್ರೆಗಳಿಗೇ ಸೀಮಿತ.

ಮೂರನೆಯದಾಗಿ, ಕಾಗದಪತ್ರ ಮತ್ತು ಭಾಷೆ. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಮಾಡುವ ಒಪ್ಪಿಗೆ ಪತ್ರವು ಬರಿಯ ವಿಧಿಯಲ್ಲ; ಅಪಾಯಗಳು ಇಂತಿಂಥವು, ನನಗೆ ತಿಳಿದಿವೆ ಎಂದು ರೋಗಿ ಬರೆದುಕೊಡುವ ಹೇಳಿಕೆ ಅದು. ತಿಳಿಯದ ಭಾಷೆಯ ಪತ್ರಕ್ಕೆ ಸಹಿ ಹಾಕಬಾರದು. ನಮ್ಮ ಭಾಷೆಯಲ್ಲೋ ತಿಳಿದ ಇನ್ನೊಂದು ಭಾಷೆಯಲ್ಲೋ ಅದನ್ನು ವಿವರಿಸುವಂತೆ ಕೇಳಬೇಕು. ಹಾಗೆ ಕೇಳಲು ಸಂಕೋಚ ಪಡಬೇಕಾಗಿಲ್ಲ. ಮರಳುವಾಗ ಶಸ್ತ್ರಚಿಕಿತ್ಸೆಯ ವಿವರ, ದೇಹದಲ್ಲಿ ಅಳವಡಿಸಿದ ಸಾಧನದ ಗುರುತಿನ ಚೀಟಿ, ಔಷಧಿಗಳ ಮೂಲ ಹೆಸರು ಇವುಗಳನ್ನು ಇಂಗ್ಲಿಷಿನಲ್ಲಿ ಬರೆಸಿ ತರಬೇಕು. ಅಲ್ಲಿನ ವ್ಯಾಪಾರದ ಹೆಸರು ಇಲ್ಲಿನ ಔಷಧದ ಅಂಗಡಿಯವನಿಗೆ ತಿಳಿದಿರುವುದಿಲ್ಲ.

ನಾಲ್ಕನೆಯದು ಮುಖ್ಯವಾದುದು. ಹೊರಡುವ ಮೊದಲೇ ಊರಿನ ವೈದ್ಯರೊಬ್ಬರನ್ನು ಕಂಡು, ಮರಳಿದ ಮೇಲೆ ತಾವು ನೋಡಿಕೊಳ್ಳುವಿರಾ ಎಂದು ಕೇಳಿ ಒಪ್ಪಿಸಬೇಕು. ಗಾಯ ಕೀವುಗಟ್ಟುವುದು, ಜ್ವರ ಬರುವುದು, ಹೊಲಿಗೆ ಬಿಡುವುದು ಬಹುಮಟ್ಟಿಗೆ ಮನೆಗೆ ಬಂದ ಮೇಲೆಯೇ. ದೊಡ್ಡ ಶಸ್ತ್ರಚಿಕಿತ್ಸೆಯ ಬೆನ್ನಿಗೇ ದೀರ್ಘಕಾಲ ವಿಮಾನದಲ್ಲಿ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಎಂದು ಪ್ರಯಾಣ ಮಾಡಬಹುದೆಂಬುದನ್ನು ಶಸ್ತ್ರವೈದ್ಯರೇ ತಿಳಿಸಬೇಕು. ಟಿಕೆಟ್ಟಿನ ದಿನಾಂಕ ಅದನ್ನು ನಿರ್ಧರಿಸಬಾರದು.

ಇನ್ನೊಂದು ಮಾತನ್ನು ಹೇಳದೆ ಇರಲಾಗದು. ಮೂತ್ರಪಿಂಡದಂತಹ ಅಂಗ ಪರದೇಶದಲ್ಲಿ ಅಗ್ಗವಾಗಿ ದೊರೆಯುತ್ತದೆ ಎಂದು ಯಾರಾದರೂ ಹೇಳಿದರೆ, ಅದರ ಹಿಂದೆ ಬಡವನೊಬ್ಬನ ದೇಹವಿದೆ ಎಂಬುದನ್ನು ಮರೆಯಬಾರದು. ಮಾನವ ಅಂಗಾಂಗ ಕಸಿಗೆ ಸಂಬಂಧಿಸಿದ ನಮ್ಮ 1994ರ ಕಾನೂನು ಅಂಗಗಳ ಮಾರಾಟವನ್ನು ಅಪರಾಧವೆಂದು ಸಾರಿದೆ. ಹತ್ತಿರದ ಸಂಬಂಧಿಯಲ್ಲದ ವಿದೇಶೀಯನಿಗೆ ಭಾರತೀಯನೊಬ್ಬ ಬದುಕಿರುವಾಗ ಅಂಗ ಕೊಡಲು ಅದು ಅವಕಾಶ ನೀಡುವುದಿಲ್ಲ. ನಮ್ಮ ಬಡವರಿಗೆ ನಾವು ಬಯಸುವ ಈ ರಕ್ಷಣೆ ಇತರ ದೇಶಗಳ ಬಡವರಿಗೂ ಸಲ್ಲತಕ್ಕದ್ದು.

ಸಹೋದರ ಸಹೋದರಿಯರೇ, ಮನೆಯವರ ಜೀವ ಉಳಿಸಲು ಎಷ್ಟು ದೂರವನ್ನಾದರೂ ಕ್ರಮಿಸುವ ಹಂಬಲ ಗೌರವಕ್ಕೆ ಯೋಗ್ಯವಾದುದು. ಆದರೆ ಸಂಕಟದ ಗಳಿಗೆಯಲ್ಲಿ ಕಡಿಮೆ ಅಂಕಿಯೊಂದನ್ನು ನೋಡಿ ಹೊಲ, ಒಡವೆಗಳನ್ನು ಮಾರಿ ಹೊರಟವರು ಮರಳಿದ ಮೇಲಿನ ಖರ್ಚಿಗೆ ಮತ್ತೆ ಸಾಲಗಾರರಾಗಬಾರದು. ಹೋಗುವ ಟಿಕೆಟ್ಟಿನ ಜೊತೆಗೆ ಬರುವ ದಿನದ ಏರ್ಪಾಡು, ಬಂದ ಮೇಲಿನ ಆರು ತಿಂಗಳ ಆರೈಕೆಯ ವೆಚ್ಚ ಇವೆರಡನ್ನೂ ಅದೇ ಹಾಳೆಯಲ್ಲಿ ಬರೆದು ಕೂಡಿಸಿ ನೋಡಿ. ಆ ಮೊತ್ತವೂ ಇಲ್ಲಿನದಕ್ಕಿಂತ ಕಡಿಮೆಯಾಗಿ, ಇಲ್ಲಿನ ವೈದ್ಯರೂ ಒಪ್ಪಿದರೆ ಧೈರ್ಯವಾಗಿ ಹೊರಡಬಹುದು.